ಚೀಟಿ ಎತ್ತುವ ಮೊದಲು

ಮೂರು ವರ್ಷಗಳ ಹಿಂದಿನ ಶ್ರಾವಣದ ಮಾತು. ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಮನೆಗೆ ಬಂದು ಕುಳಿತಿದ್ದೆ. ಬೈಲಹೊಂಗಲದ ಸಮೀಪದ ಹಳ್ಳಿಯ ರೈತರೊಬ್ಬರು ಮಗಳೊಂದಿಗೆ ಬಂದರು. ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಹತ್ತನೇ ತರಗತಿಯಲ್ಲಿ ವಿಜ್ಞಾನಕ್ಕೆ ನೂರಕ್ಕೆ ತೊಂಬತ್ತರ ಮೇಲೆ ಅಂಕ ತೆಗೆದವಳು. ತಂದೆಯ ಹಣೆಯ ಮೇಲೆ ಆಗತಾನೇ ಹಚ್ಚಿದ ಅಂಗಾರ, ಅಂಗಿಯ ಕಿಸೆಯಲ್ಲಿ ಮಡಿಸಿದ ಮೂರು ಚೀಟಿ.

"ಸರ, ಹುಡುಗಿಗೆ ಇಲ್ಲಿ ಡಾಕ್ಟರಕಿ ಸೀಟು ಸಿಗಲಿಲ್ಲ. ಹೊರದೇಶಕ್ಕ ಕಳಸೂದಂತ ಮಾಡೇವ್ರಿ. ಯಾವ ದೇಶ ಅನ್ನೂದು ತಿಳೀವಲ್ದಾಗಿತ್ತು. ಇವತ್ತ ಹನಮಪ್ಪನ ಗುಡ್ಯಾಗ ಚೀಟಿ ಹಾಕಿ ಸಣ್ಣ ಹುಡುಗನ ಕೈಲೆ ಎತ್ತಿಸಿದ್ವಿ. ಜಾರ್ಜಿಯಾ ಬಂತ್ರಿ. ಆ ದೇಶ ಎಲ್ಲೈತಿ, ಹ್ಯಾಂಗೈತಿ, ಒಂದಿಷ್ಟು ಹೇಳ್ರಿ."

ಹುಡುಗಿ ನೆಲ ನೋಡುತ್ತ ನಿಂತಿದ್ದಳು. ನಾನು ಉಳಿದ ಎರಡು ಚೀಟಿ ಬಿಚ್ಚಿ ನೋಡಿದೆ. ಒಂದರಲ್ಲಿ ರಷ್ಯಾ, ಇನ್ನೊಂದರಲ್ಲಿ ಫಿಲಿಪೈನ್ಸ್.

"ಈ ಮೂರು ಹೆಸರು ಬರೆದವರು ಯಾರು?" ಎಂದು ಕೇಳಿದೆ.

"ನಾನ ಬರದೆನ್ರಿ. ಹೆಸರು ಹೇಳಿದವರು ಏಜೆಂಟರು."

ನನ್ನ ಮನಸ್ಸಿನಲ್ಲಿ ಆ ಉತ್ತರ ಇಂದಿಗೂ ಉಳಿದಿದೆ. ಚೀಟಿ ಎತ್ತಿಸಿದ್ದು ದೇವರ ಮುಂದೆ. ಆದರೆ ಯಾವ ಯಾವ ಚೀಟಿ ದೇವರ ಮುಂದೆ ಬರಬೇಕೆಂಬುದನ್ನು ನಿರ್ಧರಿಸಿದ್ದು ಕಮಿಷನ್ ಪಡೆಯುವ ಒಬ್ಬ ವ್ಯಕ್ತಿ. "ಎಲ್ಲಿಗೂ ಹೋಗುವುದು ಬೇಡ" ಎಂಬ ನಾಲ್ಕನೆಯ ಚೀಟಿ ಅಲ್ಲಿ ಇರಲೇ ಇಲ್ಲ. "ಇನ್ನೊಂದು ವರ್ಷ ಇಲ್ಲಿಯೇ ಓದಲಿ" ಎಂಬ ಐದನೆಯದೂ ಇರಲಿಲ್ಲ. ಇಲ್ಲದ ಚೀಟಿಯನ್ನು ದೇವರಾದರೂ ಹೇಗೆ ಎತ್ತಿಕೊಟ್ಟಾನು?

ನಗಬೇಡಿ, ಇದು ನಮ್ಮ ಕಥೆ

ಪೇಟೆಯ ಓದುಗರಿಗೆ ಇದು ನಗೆಯ ವಿಷಯವಾಗಿ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಕಡೆಯ ಮನೆಗಳಲ್ಲಿ ಬಾವಿ ತೋಡುವುದಿರಲಿ, ಹೆಣ್ಣು ನೋಡುವುದಿರಲಿ, ದೇವರನ್ನು ಕೇಳದೆ ಹೆಜ್ಜೆ ಇಡುವವರು ಕಡಿಮೆ. ಯಲ್ಲಮ್ಮನ ಗುಡ್ಡ ಹತ್ತಿ ಬಂದವರು, ಗೊಡಚಿ ವೀರಭದ್ರನಿಗೆ ನಡೆದುಕೊಂಡವರು ನಾವು. ಹೈದರಾಬಾದಿನ ಸಮೀಪದ ಚಿಲುಕೂರಿನಲ್ಲಿ ಬಾಲಾಜಿಗೆ "ವೀಸಾ ಬಾಲಾಜಿ" ಎಂದೇ ಹೆಸರು ಬಿದ್ದಿದೆ. ಅಲ್ಲಿ ಬೇಡಿಕೊಳ್ಳುವಾಗ 11 ಪ್ರದಕ್ಷಿಣೆ, ಬೇಡಿದ್ದು ಕೈಗೂಡಿದರೆ 108 ಪ್ರದಕ್ಷಿಣೆ. ಅದನ್ನು ಹಾಕುವವರಲ್ಲಿ ಎಂಜಿನಿಯರರೇ ಹೆಚ್ಚು ಕಾಣುತ್ತಾರೆ.

ನಾನೂ ಇದಕ್ಕೆ ಹೊರತಲ್ಲ. 1997ರಲ್ಲಿ ನನಗೆ ಇಪ್ಪತ್ತಾರು ವರ್ಷ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ತಾತ್ಪೂರ್ತಿಕ ನೌಕರಿಯಲ್ಲಿದ್ದೆ. ಮಾಲ್ಡೀವ್ಸ್ ದ್ವೀಪಗಳ ಶಾಲೆಗಳಿಗೆ ವಿಜ್ಞಾನ ಶಿಕ್ಷಕರು ಬೇಕೆಂಬ ಜಾಹೀರಾತು ನೋಡಿ ಅರ್ಜಿ ಹಾಕಿದೆ. ಕರೆಯೂ ಬಂತು. ತಾಯಿಯೊಂದಿಗೆ ಹೋಗಿ ಊರ ದೇವರಲ್ಲಿ ಹೂ ಕೇಳಿದೆವು. ಬಲಕ್ಕೆ ಬಿದ್ದರೆ ಹೋಗುವುದು, ಎಡಕ್ಕೆ ಬಿದ್ದರೆ ಬಿಡುವುದು. ಒಂದು ತಾಸು ಕುಳಿತರೂ ಹೂ ಎತ್ತಲೂ ಬೀಳಲಿಲ್ಲ. "ದೇವರ ಮನಸ್ಸಿಲ್ಲ" ಎಂದು ತಾಯಿ ಕಣ್ಣೊರೆಸಿಕೊಂಡು ಎದ್ದಳು. ನಾನೂ ಎದ್ದೆ.

ಬಹಳ ವರ್ಷ ಇದನ್ನು ದೈವೇಚ್ಛೆ ಎಂದೇ ಹೇಳಿಕೊಂಡು ತಿರುಗಿದೆ. ಈಗ ನಿಜ ಹೇಳಬಹುದು. ಹೂ ಬಲಕ್ಕೆ ಬಿದ್ದಿದ್ದರೂ ನಾನು ಹೋಗುತ್ತಿರಲಿಲ್ಲ. ಸಮುದ್ರ ಕಂಡರೆ ನನಗೆ ಭಯ. ಒಬ್ಬನೇ ಇರುವುದೆಂದರೆ ಇನ್ನೂ ಭಯ. ಆ ಭಯವನ್ನು ನನ್ನ ಹೆಸರಿನಲ್ಲಿ ಬರೆದುಕೊಳ್ಳಲು ನಾಚಿಕೆಯಾಗಿ ದೇವರ ಹೆಸರಿನಲ್ಲಿ ಬರೆದಿದ್ದೆ. ಊರಲ್ಲೇ ಉಳಿದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ನನ್ನ ನಿರ್ಧಾರದ ಹೊಣೆಯನ್ನು ನಾನು ಹೊರಲಿಲ್ಲವಲ್ಲ ಎಂಬ ಕೊರಗು ಇದೆ.

ಒಂದೇ ಮನೆಗೆ ಎರಡು ದೈವವಾಣಿ

ದೇವರ ಹೆಸರಿನಲ್ಲಿ ಬರುವ ಮಾತುಗಳೆಲ್ಲ ಒಂದೇ ಆಗಿರುವುದಿಲ್ಲ. ಗಾಂಧೀಜಿಯವರ ಉದಾಹರಣೆ ನೋಡಿ. 1888ರಲ್ಲಿ ಅವರು ಬ್ಯಾರಿಸ್ಟರಿಕೆ ಓದಲು ಇಂಗ್ಲೆಂಡಿಗೆ ಹೊರಟಾಗ ತಾಯಿ ಪುತಳೀಬಾಯಿ ಹೆದರಿದ್ದರು. ಬೇಚರಜೀ ಸ್ವಾಮಿ ಎಂಬ ಜೈನ ಸಾಧುಗಳು ಮಗನಿಂದ ಮೂರು ಪ್ರತಿಜ್ಞೆ ಮಾಡಿಸಿದ ಮೇಲೆ ತಾಯಿ ಒಪ್ಪಿದರು. ಮದ್ಯ, ಮಾಂಸ, ಪರಸ್ತ್ರೀ ಮೂರನ್ನೂ ಮುಟ್ಟುವುದಿಲ್ಲ ಎಂಬುದು ಆ ಪ್ರತಿಜ್ಞೆ. ಅದೇ ಹೊತ್ತಿಗೆ ಮುಂಬಯಿಯಲ್ಲಿ ಅವರ ಜಾತಿಯ ಹಿರಿಯರು ಸಭೆ ಸೇರಿ, ಸಮುದ್ರ ದಾಟುವುದು ಧರ್ಮಕ್ಕೆ ವಿರುದ್ಧ ಎಂದು ಸಾರಿ ಅವರನ್ನು ಜಾತಿಯಿಂದ ಹೊರಗಿಟ್ಟರು. ಧರ್ಮದ ಹೆಸರಿನಲ್ಲೇ ಒಂದು ದನಿ ಹೋಗು ಎಂದಿತು, ಇನ್ನೊಂದು ಬೇಡ ಎಂದಿತು. ಹದಿನೆಂಟರ ಹುಡುಗ ಎರಡನ್ನೂ ಕೇಳಿಸಿಕೊಂಡು ಸೆಪ್ಟೆಂಬರ್ 4ರಂದು ಹಡಗು ಹತ್ತಿದ.

ಎರಡು ದನಿಗಳ ವ್ಯತ್ಯಾಸ ಗಮನಿಸಿ. ಸಾಧುಗಳು ಹುಡುಗನಿಗೆ ಹೊಣೆಗಾರಿಕೆ ಕೊಟ್ಟರು. ಜಾತಿಸಭೆ ಅವನಿಗೆ ಹೆದರಿಕೆ ಹಾಕಿತು. ಯಾವ ಮಾರ್ಗದರ್ಶನ ನಮ್ಮ ಹೊಣೆಯನ್ನು ಹೆಚ್ಚಿಸುತ್ತದೆಯೋ ಅದನ್ನು ನಂಬಬಹುದು ಎಂಬುದು ನನ್ನ ಅಳತೆಗೋಲು.

ನಾಮಗಿರಿಯ ಕನಸು

ಗಣಿತದ ಮಾಸ್ತರರು ಮರೆಯಲಾಗದ ಇನ್ನೊಂದು ಹೆಸರು ಶ್ರೀನಿವಾಸ ರಾಮಾನುಜನ್. 1913ರ ಜನವರಿಯಲ್ಲಿ ಮದರಾಸಿನ ಬಂದರು ಕಚೇರಿಯ ಈ ಗುಮಾಸ್ತ ಕೇಂಬ್ರಿಜ್‌ನ ಹಾರ್ಡಿಯವರಿಗೆ ತನ್ನ ಪ್ರಮೇಯಗಳನ್ನು ಬರೆದು ಕಳಿಸಿದ. ಹಾರ್ಡಿ ಬಾ ಎಂದು ಕರೆದರು. ಆದರೆ ಮನೆಯಲ್ಲಿ ಮಡಿವಂತಿಕೆ, ಸಮುದ್ರ ದಾಟಲು ಸಂಕೋಚ. ಕೊನೆಗೆ ತಾಯಿ ಕೋಮಲತಮ್ಮಾಳ್ ಅವರಿಗೆ ಕನಸು ಬಿತ್ತೆಂದು ಹೇಳುತ್ತಾರೆ. ನಾಮಕ್ಕಲ್‌ನ ನಾಮಗಿರಿ ದೇವಿ, ಮಗನ ಬಾಳಿನ ಉದ್ದೇಶಕ್ಕೆ ಅಡ್ಡ ನಿಲ್ಲಬೇಡ ಎಂದಳಂತೆ. 1914ರ ಮಾರ್ಚ್ 17ರಂದು ರಾಮಾನುಜನ್ ಹಡಗು ಹತ್ತಿದರು.

ಈ ಕಥೆಯನ್ನು ಅರ್ಧ ಹೇಳಿ ಬಿಡುವವರೇ ಹೆಚ್ಚು. ಉಳಿದರ್ಧವನ್ನೂ ಕೇಳಿ. ಯಾವ ಊರಿಗೆ, ಯಾರ ಹತ್ತಿರ ಹೋಗಬೇಕೆಂಬುದನ್ನು ಕನಸು ಹೇಳಲಿಲ್ಲ. ಅದು ಆಗಲೇ ಸ್ಪಷ್ಟವಿತ್ತು. ಆ ಪ್ರಮೇಯಗಳನ್ನು ಅರ್ಥ ಮಾಡಿಕೊಳ್ಳಬಲ್ಲ ಗುರು ಕೇಂಬ್ರಿಜ್‌ನಲ್ಲಿದ್ದ. ಅಲ್ಲಿಂದ ನೆವಿಲ್ ಎಂಬ ಗಣಿತಜ್ಞ ಮದರಾಸಿಗೇ ಬಂದು ರಾಮಾನುಜನ್‌ರನ್ನು ಕಂಡು ಮಾತನಾಡಿದ್ದ. ಮದರಾಸು ವಿಶ್ವವಿದ್ಯಾಲಯ ವರ್ಷಕ್ಕೆ 250 ಪೌಂಡ್ ವಿದ್ಯಾರ್ಥಿವೇತನ ಕೊಟ್ಟಿತ್ತು. ಗುರು, ಹಣ, ಪ್ರಯಾಣ ಎಲ್ಲ ಗೊತ್ತಾದ ಮೇಲೆ ಉಳಿದಿದ್ದು ತಾಯಿಯ ಎದೆಯ ಭಾರ. ದೇವಿ ಇಳಿಸಿದ್ದು ಆ ಭಾರವನ್ನು.

ದೇವಿಯ ಒಪ್ಪಿಗೆ ಸಿಕ್ಕಿತೆಂದು ದಾರಿಯೇನೂ ಹೂವಿನ ಹಾಸಿಗೆಯಾಗಲಿಲ್ಲ. ಮೊದಲನೇ ಮಹಾಯುದ್ಧ, ಚಳಿ, ಸಸ್ಯಾಹಾರಕ್ಕೆ ಪರದಾಟ, ಕಾಯಿಲೆ. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದ ರಾಮಾನುಜನ್ 1919ರಲ್ಲಿ ರೋಗಿಯಾಗಿ ಮರಳಿ, 1920ರ ಏಪ್ರಿಲ್ 26ರಂದು 32ನೇ ವಯಸ್ಸಿಗೆ ತೀರಿಕೊಂಡರು. ದೇವರು ದಾರಿ ತೋರಿದನೆಂದರೆ ದಾರಿ ಸುಲಭವಾಗಿರುತ್ತದೆ ಎಂದು ಯಾರೂ ತಿಳಿಯಬೇಕಾಗಿಲ್ಲ.

ನಾಣ್ಯ ಚಿಮ್ಮಿದ 64 ಮಕ್ಕಳು

"ಸರ, ಮೂರು ಸಲ ಚೀಟಿ ಹಾಕಿದರೂ ಅದೇ ಬಂತು" ಎನ್ನುವವರಿದ್ದಾರೆ. ಅಂಥವರಿಗಾಗಿ ನಾನು ತರಗತಿಯಲ್ಲಿ ಮಾಡಿಸುವ ಒಂದು ಪ್ರಯೋಗವಿದೆ. ಒಮ್ಮೆ ಎರಡೂ ವಿಭಾಗದ 64 ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿ, ಪ್ರತಿಯೊಬ್ಬರಿಗೂ ಒಂದು ರೂಪಾಯಿ ನಾಣ್ಯವನ್ನು ಐದು ಸಲ ಚಿಮ್ಮಲು ಹೇಳಿದೆ. ಐದೂ ಸಲ ತಲೆಯೇ ಬೀಳುವ ಸಂಭವ 32ರಲ್ಲಿ ಒಂದು. ಅಂದರೆ 64 ಮಕ್ಕಳಲ್ಲಿ ಸುಮಾರು ಇಬ್ಬರಿಗೆ ಹಾಗೆ ಬೀಳಬೇಕು. ಆ ದಿನ ಮೂವರಿಗೆ ಬಿತ್ತು. ಅವರಲ್ಲಿ ಒಬ್ಬನನ್ನು ಉಳಿದವರು ಹೆಗಲ ಮೇಲೆ ಹೊತ್ತು ಕುಣಿದರು. ಮಾರನೆಯ ದಿನ ಅವನ ಕೈಯಲ್ಲೇ ಮತ್ತೆ ಐದು ಸಲ ಚಿಮ್ಮಿಸಿದೆ. ಎರಡೇ ಸಲ ತಲೆ ಬಿತ್ತು. ಪಾಪ, ಸಪ್ಪಗಾದ.

ನಮ್ಮ ನಾಲ್ಕು ತಾಲೂಕುಗಳಲ್ಲಿ ನೂರಾರು ಮನೆಯವರು ಚೀಟಿ ಎತ್ತಿದರೆ ಕೆಲವರಿಗೆ ಒಂದೇ ಹೆಸರು ಮೂರು ಸಲ ಬಂದೇ ಬರುತ್ತದೆ. ಚೀಟಿಯಂತೆ ಹೋಗಿ ಚೆನ್ನಾಗಿರುವವರ ಸುದ್ದಿ ಜಾತ್ರೆಯಲ್ಲಿ ಹಬ್ಬುತ್ತದೆ. ಕೈಸುಟ್ಟುಕೊಂಡು ಬಂದವರು ಮನೆಯ ಬಾಗಿಲು ಹಾಕಿಕೊಳ್ಳುತ್ತಾರೆ. ನಮ್ಮ ಕಿವಿಗೆ ಬೀಳುವ ಲೆಕ್ಕವೇ ಒಂದು ಕಡೆ ವಾಲಿರುತ್ತದೆ. ದೇವರಿದ್ದಾನೋ ಇಲ್ಲವೋ ಎಂಬುದನ್ನು ಈ ಪ್ರಯೋಗ ಹೇಳುವುದಿಲ್ಲ. ನಾಣ್ಯದ ಮಾತನ್ನೇ ದೇವರ ಮಾತೆಂದು ತಿಳಿಯಬೇಡಿ ಎಂದಷ್ಟೇ ಹೇಳುತ್ತದೆ.

ಶಿರಸಂಗಿಯ ಮೃತ್ಯುಪತ್ರ

ಹಾಗಾದರೆ ದೈವದ ಮಾರ್ಗದರ್ಶನ ಯಾವ ರೂಪದಲ್ಲಿ ಬರುತ್ತದೆ? ನಮ್ಮ ಭಾಗದ ಚರಿತ್ರೆ ನೋಡಿದರೆ ಬಹಳ ಸಲ ಅದು ಮನುಷ್ಯರ ರೂಪದಲ್ಲೇ ಬಂದಿದೆ. ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ಆ ಟ್ರಸ್ಟಿನ ನೆರವಿನಿಂದ ಓದಿ ಮುಂದೆ ಬಂದವರ ಸಂಖ್ಯೆ ದೊಡ್ಡದು. ಶಿರಸಂಗಿಯ ಕಾಳಮ್ಮನ ಗುಡಿಗೆ ಹೋಗುವವರು ಆ ಊರಿನ ಈ ಪುಣ್ಯವನ್ನೂ ನೆನೆಯಬೇಕು. ವಿದ್ಯೆಗಾಗಿ ದೇವರಲ್ಲಿ ಬೇಡಿಕೊಂಡ ಎಷ್ಟೋ ಬಡ ತಾಯಂದಿರಿಗೆ ಉತ್ತರ ಬಂದದ್ದು ಒಬ್ಬ ದೇಸಾಯಿಯ ಮೃತ್ಯುಪತ್ರದ ಮೂಲಕ.

ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರನ್ನು ನೋಡಿ. ಹಳ್ಳಿಯಿಂದ ಹೊರಟು ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ್‍ಯಾಂಗ್ಲರ್ ಆದರು. ಗಣಿತವೇ ಬೇಕಿತ್ತು, ಗಣಿತಕ್ಕೆ ಹೆಸರಾದ ಜಾಗಕ್ಕೇ ಹೋದರು. ಮರಳಿ ಬಂದು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ ಧಾರವಾಡದ ಗುಡ್ಡವನ್ನು ವಿದ್ಯೆಯ ಊರು ಮಾಡಿದರು. ಮುಂದೆ ಪಂಜಾಬಿನ ರಾಜ್ಯಪಾಲರೂ ಆದರು. ಏನು ಕಲಿಯಬೇಕು ಎಂಬುದು ಮೊದಲು ಗೊತ್ತಾದರೆ ಎಲ್ಲಿಗೆ ಹೋಗಬೇಕು ಎಂಬುದು ಅದರ ಬೆನ್ನಿಗೇ ಬರುತ್ತದೆ. ನಾವು ಇಂದು ಉಲ್ಟಾ ಮಾಡುತ್ತಿದ್ದೇವೆ. ಮೊದಲು ದೇಶ, ಆಮೇಲೆ ಕೋರ್ಸು, ಕೊನೆಗೆ ಮಗುವಿನ ಮನಸ್ಸು.

ಅಲ್ಲಿಂದ ಇಲ್ಲಿಗೆ ಬಂದವರ ಕಥೆಯೂ ಪಾಠವೇ. ದೇವರ ಕರೆಯೆಂದು ನಂಬಿ 1853ರಲ್ಲಿ ಜರ್ಮನಿಯಿಂದ ಬಂದ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಧಾರವಾಡದಲ್ಲಿ ಮಾಡಿದ ಕೆಲಸ ಕನ್ನಡ ಕಲಿಯುವುದು. 1894ರಲ್ಲಿ ಅವರ ಕನ್ನಡ ನಿಘಂಟು ಅಚ್ಚಾಯಿತು. ನಂಬಿ ಬಂದವರೂ ಭಾಷೆ ಕಲಿಯುವ ಕಷ್ಟದಿಂದ ತಪ್ಪಿಸಿಕೊಳ್ಳಲಿಲ್ಲ. ನಮ್ಮ ಮಕ್ಕಳಿಗೆ ಮಾತ್ರ ವಿನಾಯಿತಿ ಸಿಕ್ಕೀತೇ?

ಯಾರಿಗೂ ತಿಳಿಯದ ನಾಳೆ

ಇಷ್ಟೆಲ್ಲ ವಿಚಾರಿಸಿದರೂ ನಾಳೆ ಎಂಬುದು ನಮ್ಮ ಕೈಯಲ್ಲಿಲ್ಲ. 2022ರ ಫೆಬ್ರುವರಿ 24ರಂದು ಉಕ್ರೇನಿನ ಮೇಲೆ ರಷ್ಯಾ ದಾಳಿ ಮಾಡಿದಾಗ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ನೆಲಮಾಳಿಗೆಗಳಲ್ಲಿ ಅಡಗಿದರು. ಅವರಲ್ಲಿ ಹೆಚ್ಚಿನವರು ವೈದ್ಯಕೀಯ ಓದುತ್ತಿದ್ದವರು. ಹಾವೇರಿ ಜಿಲ್ಲೆಯ ಒಬ್ಬ ವಿದ್ಯಾರ್ಥಿ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ದಾಳಿಗೆ ಸಿಕ್ಕು ಪ್ರಾಣ ಕಳೆದುಕೊಂಡ. ಸರಕಾರ ಆಪರೇಷನ್ ಗಂಗಾ ಹೆಸರಿನಲ್ಲಿ ವಿಶೇಷ ವಿಮಾನಗಳನ್ನು ಕಳಿಸಿ 18 ಸಾವಿರಕ್ಕೂ ಹೆಚ್ಚು ಜನರನ್ನು ಕರೆತಂದಿತು.

ಆ ಮಕ್ಕಳ ತಂದೆತಾಯಿಗಳೂ ದೇವರಿಗೆ ಕಾಯಿ ಒಡೆಸಿಯೇ ಕಳಿಸಿದ್ದರು. ಅವರ ಭಕ್ತಿಯಲ್ಲಿ ಕೊರತೆ ಇತ್ತೇ? ಹಾಗೆಂದು ಹೇಳುವ ನಾಲಿಗೆ ನಮಗೆ ಬೇಡ. ದೇವರ ಮೇಲಿನ ನಂಬಿಕೆ ವಿಮೆಯ ಪಾಲಿಸಿಯಲ್ಲ. ಮನುಷ್ಯನ ಎಣಿಕೆ ಮುಗಿಯುವ ಕಡೆಯಿಂದ ಅದರ ಕೆಲಸ ಆರಂಭವಾಗುತ್ತದೆ. ಎಣಿಸಬಹುದಾದದ್ದನ್ನು ಎಣಿಸದೆ ಬಿಟ್ಟು ದೇವರ ಮೇಲೆ ಹಾಕುವುದು ಭಕ್ತಿಯಲ್ಲ, ಸೋಮಾರಿತನ.

ಎಣಿಸಬಹುದಾದದ್ದು

ಪಾಲಕರೇ, ದೇವರ ಮುಂದೆ ಚೀಟಿ ಇಡುವ ಮೊದಲು ಈ ಮಾತುಗಳನ್ನು ಕಾಗದದ ಮೇಲೆ ಬರೆದು ನೋಡಿ.

1. ಹೊರದೇಶದಲ್ಲಿ ಎಂ.ಬಿ.ಬಿ.ಎಸ್. ಓದಿ ಇಲ್ಲಿ ವೈದ್ಯರಾಗಬೇಕಾದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಗಳು ಅನ್ವಯಿಸುತ್ತವೆ. ನೀಟ್‌ನಲ್ಲಿ ಅರ್ಹತೆ ಇರಬೇಕು. ಕೋರ್ಸು ಕನಿಷ್ಠ 54 ತಿಂಗಳದ್ದಾಗಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಪಾಠ ಇಂಗ್ಲಿಷಿನಲ್ಲಿ ನಡೆದಿರಬೇಕು. ಆ ದೇಶದಲ್ಲಿ ವೈದ್ಯಕೀಯ ವೃತ್ತಿ ನಡೆಸಲು ಅಲ್ಲಿಯವರಿಗೆ ಸಿಗುವಂಥ ಅರ್ಹತೆ ಆ ಪದವಿಯಿಂದ ಸಿಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪದವಿ ಗೋಡೆಗೆ ತೂಗುಹಾಕುವ ಪಟವಾದೀತು.

2. ಮರಳಿ ಬಂದ ಮೇಲೆ ಪರೀಕ್ಷೆ ಇದೆ. 300 ಅಂಕಗಳ ಆ ಪರೀಕ್ಷೆಯಲ್ಲಿ 150 ತೆಗೆಯಬೇಕು. ಹೆಚ್ಚಿನ ಸಲ ಕುಳಿತವರಲ್ಲಿ ಅರ್ಧದಷ್ಟು ಜನರೂ ತೇರ್ಗಡೆಯಾಗುವುದಿಲ್ಲ. ಏಜೆಂಟರು ಹೇಳದೆ ಬಿಡುವ ಮಾತು ಇದು.

3. ದೇಶಗಳ ನಿಯಮ ಬದಲಾಗುತ್ತಿರುತ್ತದೆ. ಕೆನಡಾಕ್ಕೆ ಹೋಗುವ ವಿದ್ಯಾರ್ಥಿ ಜೀವನವೆಚ್ಚಕ್ಕೆಂದು ತೋರಿಸಬೇಕಾದ ಹಣ 2024ರ ಜನವರಿ 1ರಂದು 10,000 ಡಾಲರಿನಿಂದ 20,635 ಡಾಲರಿಗೆ ಏರಿತು. ಜರ್ಮನಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳ ಪ್ರಮಾಣಪತ್ರಗಳ ಪರಿಶೀಲನೆ 2022ರ ನವೆಂಬರ್‌ನಿಂದ ಕಡ್ಡಾಯವಾಯಿತು. ಹೋದ ವರ್ಷ ಹೋದವರ ಮಾತು ಈ ವರ್ಷಕ್ಕೆ ಸಾಲದು. ಆಯಾ ದೇಶದ ರಾಯಭಾರ ಕಚೇರಿಯ ಮಾಹಿತಿಯನ್ನೇ ನೋಡಬೇಕು.

4. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕವಿಲ್ಲ. ಆದರೆ ಊಟ, ವಸತಿ, ವಿಮೆ ಪುಕ್ಕಟೆಯಲ್ಲ. "ಫೀ ಇಲ್ಲ" ಎಂಬುದೂ "ಖರ್ಚಿಲ್ಲ" ಎಂಬುದೂ ಬೇರೆ ಬೇರೆ.

5. ನೌಕರಿಗೆ ಹೋಗುವವರು ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತರೇ ಎಂದು ವಿಚಾರಿಸಿ. 1983ರ ವಲಸೆ ಕಾಯಿದೆ ಇದನ್ನು ಕಡ್ಡಾಯ ಮಾಡಿದೆ.

6. ಹೊಲ ಮಾರಿದರೆ ಮರಳಿ ಬರುವ ದಾರಿಗೆ ಏನು ಉಳಿಯುತ್ತದೆ? ಒಂದು ವರ್ಷದ ನಂತರ ಮಗು "ಆಗುವುದಿಲ್ಲ ಅಪ್ಪಾ" ಎಂದರೆ ಬಾಗಿಲು ತೆರೆದಿರುತ್ತದೆಯೇ?

ಕೊನೆಯದಾಗಿ, ಲೆಕ್ಕಕ್ಕೆ ಸಿಗದ ಒಂದು ಪ್ರಶ್ನೆ. ಹೋಗುವವರು ಯಾರೋ ಅವರನ್ನು ಕೇಳಿದಿರಾ?

ನಾಲ್ಕನೆಯ ಚೀಟಿ

ಆ ಶನಿವಾರ ನಾನು ಕೇಳಿದ್ದೂ ಅದನ್ನೇ. "ನಿನಗೇನು ಅನಿಸತೈತಿ ತಂಗಿ?" ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, "ಸರ, ಇನ್ನೊಂದು ವರ್ಷ ಇಲ್ಲೇ ಪ್ರಯತ್ನ ಮಾಡತೀನ್ರಿ. ಅಪ್ಪ ಎರಿಹೊಲ ಮಾರಿ ಕಳಸಿದರ ನನಗ ಅಲ್ಲಿ ಓದ ಹತ್ತೂದಿಲ್ರಿ" ಎಂದಳು. ತಂದೆ ತಲೆ ಎತ್ತಿ ಮಗಳನ್ನು ನೋಡಿದರು. ಈ ಮಾತು ಅವರ ಮನೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಮುಂದಿನ ಎರಡು ವಾರ ನಾವು ಮೂವರೂ ಕೂಡಿ ಏಜೆಂಟರು ಕೊಟ್ಟ ಮೂರು ಕಾಲೇಜುಗಳ ಕಾಗದ ತಿರುವಿದೆವು. ಒಂದರಲ್ಲಿ ಇಂಟರ್ನ್‌ಶಿಪ್ ಎಲ್ಲಿ ಎಂಬುದೇ ಸ್ಪಷ್ಟವಿರಲಿಲ್ಲ. ಇನ್ನೊಂದರಲ್ಲಿ ಮೂರನೆಯ ವರ್ಷದಿಂದ ಪಾಠ ಅಲ್ಲಿಯ ಭಾಷೆಯಲ್ಲಿ. ಉಳಿದದ್ದು ಒಂದು. ಅದರ ಖರ್ಚಿಗೆ ಎರಡು ಎಕರೆ ಸಾಲುತ್ತಿರಲಿಲ್ಲ.

ಆದರೂ ತಂದೆಗೆ ಒಂದು ಅಳುಕು ಉಳಿಯಿತು. "ದೇವರ ಚೀಟಿ ಮೀರಿದ್ಹಂಗಾತಲ್ರಿ ಸರ?" ನಾನೆಂದೆ: "ಗೌಡ್ರ, ಹನಮಪ್ಪ ಆ ಚೀಟಿ ಕೊಟ್ಟಾನ. ಅದನ್ನ ತಗೊಂಡು ನೀವು ಏಜೆಂಟರ ಕಡೆ ಹೋಗದ ಇಲ್ಲಿ ಬಂದ್ರಿ. ಅದನ್ನ ಮಾಡಿಸಿದವರು ಯಾರು?" ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಮರುದಿನ ಗುಡಿಗೆ ಹೋಗಿ ಕಾಯಿ ಒಡೆಸಿ ನೂರಾ ಒಂದು ರೂಪಾಯಿ ತಪ್ಪುಗಾಣಿಕೆ ಇಟ್ಟು ಬಂದರೆಂದು ಆಮೇಲೆ ಗೊತ್ತಾಯಿತು. ಅದೂ ಸರಿಯೇ. ಮನಸ್ಸು ಹಗುರಾಗಬೇಕಲ್ಲ.

ಹುಡುಗಿಗೆ ಮರುವರ್ಷವೂ ಡಾಕ್ಟರಿಕೆಯ ಸೀಟು ಸಿಗಲಿಲ್ಲ. ಇದನ್ನು ಮುಚ್ಚಿಟ್ಟು ಕಥೆಯನ್ನು ಸಿಹಿ ಮಾಡಲಾರೆ. ಮನೆಯಲ್ಲಿ ಕೆಲವು ದಿನ ಒಲೆ ಹೊತ್ತಿಸಲೂ ಯಾರಿಗೂ ಮನಸ್ಸಿರಲಿಲ್ಲವಂತೆ. ಈಗ ಆಕೆ ಬೆಳಗಾವಿಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದಾಳೆ. ಸಂಜೆ ಹೊತ್ತು ಜರ್ಮನ್ ಭಾಷೆ ಕಲಿಯುತ್ತಾಳೆ. ಪದವಿ ಮುಗಿದ ಮೇಲೆ ಹೊರದೇಶಕ್ಕೆ ಹೋಗುತ್ತಾಳೋ ಇಲ್ಲೇ ಉಳಿಯುತ್ತಾಳೋ ಗೊತ್ತಿಲ್ಲ. ಹೋದರೂ ಆಕೆಯೇ ಬರೆದ ಚೀಟಿಯಂತೆ ಹೋಗುತ್ತಾಳೆ. ಎರಿಹೊಲದಲ್ಲಿ ಈ ವರ್ಷ ಕಡಲೆ ನಿಂತಿದೆ.

ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಶಬರಿ ರಾಮನಿಗಾಗಿ ಕಾದ ಜಾಗವೆಂದು ನಮ್ಮವರ ನಂಬಿಕೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ಒಂದು ಮಾತು ಹೇಳುತ್ತೇನೆ. ರಾಮ ಬಂದೇ ಬರುತ್ತಾನೆಂದು ಶಬರಿ ನಂಬಿದ್ದಳು, ನಿಜ. ಆದರೆ ಆಕೆ ಸುಮ್ಮನೆ ಕಣ್ಣು ಮುಚ್ಚಿ ಕುಳಿತಿರಲಿಲ್ಲ. ದಿನಾಲೂ ದಾರಿ ಗುಡಿಸಿದಳು, ಹಣ್ಣು ಆರಿಸಿ ತಂದಳು, ಒಂದೊಂದನ್ನೂ ಕಚ್ಚಿ ನೋಡಿ ಸಿಹಿಯಾದದ್ದನ್ನೇ ತೆಗೆದಿಟ್ಟಳು.

ದೇವರಿಗೆ ಕೊಡುವ ಹಣ್ಣನ್ನೇ ಆ ಮುದುಕಿ ರುಚಿ ನೋಡದೆ ಕೊಡಲಿಲ್ಲ. ನಾವು ಮಕ್ಕಳ ಬಾಳಿನ ದಾರಿಯನ್ನು ನೋಡದೆ ಆರಿಸಬಹುದೇ?